ಕನ್ನೇರಿಮುಕ್ಕಿನ ಹಳೆಯ ಮನೆ

ಹಳೆಯ ಕಾಲವನ್ನು ಕಣ್ಣಾರೆ ಕಾಣುವುದಕ್ಕೆ ಎರಡು ಬಗೆಯ ಸ್ಥಳಗಳಿವೆ. ಒಂದು, ಕತ್ತಿ, ನಾಣ್ಯ, ತಾಮ್ರಪಟಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಚೀಟಿ ಅಂಟಿಸಿದ ಸಂಗ್ರಹಾಲಯ. ಇನ್ನೊಂದು, ಯಾರೋ ಬಾಳಿ ಬದುಕಿದ ಮನೆಯನ್ನೇ ಉಳಿಸಿ, ಬಂದವರು ಜಗಲಿಯಿಂದ ಅಡಿಗೆಮನೆಯವರೆಗೆ ನಡೆದಾಡಿ, ಆ ಕಾಲದ ಬಾಳ್ವೆಯನ್ನು ತಾವಾಗಿಯೇ ಕಂಡುಕೊಳ್ಳುವಂತೆ ಮಾಡಿದ್ದು. ನಮ್ಮ ನಾಡಿನಲ್ಲಿ ಎರಡನೆಯ ಬಗೆಯದು ವಿರಳ.

ನೀಲಗಿರಿಯಲ್ಲಿ ಬ್ರಿಟಿಷರು ಕಟ್ಟಿದ ಮೊತ್ತಮೊದಲ ಮನೆಯನ್ನು ದುರಸ್ತಿ ಮಾಡಿ ಜನರಿಗೆ ತೆರೆದಿಟ್ಟಿದ್ದಾರೆಂದು ಕೇಳಿದ್ದೆವು. ಈಚೆಗೆ ಪರಿಚಯದ ಕುಟುಂಬವೊಂದನ್ನು ಕಾಣಲು ಚೇರಂಬಾಡಿಗೆ ಹೋದಾಗ, ಅಲ್ಲಿಂದ ಕೋಟಗಿರಿಗೆ ಹೋಗಿ ಅದನ್ನೂ ನೋಡಿ ಬಂದೆವು. ನೋಡಿದ ಮೇಲೆ ಆ ಮನೆಗಿಂತಲೂ ಹೆಚ್ಚಾಗಿ ನಮ್ಮ ನಮ್ಮ ಮನೆಗಳ ವಿಚಾರವೇ ತಲೆಯಲ್ಲಿ ಉಳಿಯಿತು. ಆದುದರಿಂದ ಎರಡನ್ನೂ ಓದುಗರ ಮುಂದಿಡುತ್ತಿದ್ದೇವೆ.

ಗಡಿಯ ಊರು

ಚೇರಂಬಾಡಿ ನೀಲಗಿರಿ ಜಿಲ್ಲೆಯ ಪಂದಲೂರು ತಾಲೂಕಿನ ಊರು. ವಯನಾಡಿನ ಸುಲ್ತಾನ್ ಬತ್ತೇರಿಯಿಂದ ಹೆಚ್ಚು ದೂರವಿಲ್ಲ. ಸುತ್ತಲೂ ಚಹಾ ತೋಟ. ಒಂದು ಕಾಲದಲ್ಲಿ ಇಲ್ಲಿ ಅಭ್ರಕದ ಗಣಿಗಾರಿಕೆಯೂ ನಡೆದಿತ್ತು. ಸಿಂಹಳದಿಂದ ಮರಳಿದ ತಮಿಳರಿಗೆ ಕೆಲಸ ಕೊಡುವುದಕ್ಕಾಗಿ 1968ರಲ್ಲಿ ಆರಂಭವಾದ ಸರಕಾರಿ ಚಹಾ ತೋಟ ‘ಟ್ಯಾನ್‌ಟೀ’ಯ ವಿಭಾಗಗಳು ಇಲ್ಲಿವೆ. ಪೇಟೆಯಲ್ಲಿ ತಮಿಳು, ಮಲೆಯಾಳ ಎರಡೂ ಸಮನಾಗಿ ಕಿವಿಗೆ ಬೀಳುತ್ತವೆ. ಅವುಗಳ ನಡುವೆ ಪಣಿಯರ ಮಾತು, ಕುರುಂಬರ ಮಾತು. ‘ಬೆಟ್ಟ ಕುರುಂಬ’, ‘ಜೇನು ಕುರುಂಬ’ ಎಂಬ ಹೆಸರುಗಳನ್ನು ಕೇಳಿದರೆ ಅರ್ಥ ಹೇಳಿಕೊಡಲು ಕನ್ನಡಿಗನಿಗೆ ಯಾರೂ ಬೇಕಾಗಿಲ್ಲ.

ಈ ಊರಿನ ಚರಿತ್ರೆಯಲ್ಲಿ ನಮಗೆ ಆಪ್ತವೆನಿಸುವ ಸಂಗತಿಯೊಂದಿದೆ. 1877ರವರೆಗೆ ಈ ಭಾಗ ನೀಲಗಿರಿಗೆ ಸೇರಿರಲಿಲ್ಲ, ಮಲಬಾರ್ ಜಿಲ್ಲೆಯ ವಯನಾಡಿನ ತುಂಡಾಗಿತ್ತು. ಆ ವರ್ಷ ನಂಬಲಕೋಡು, ಚೇರಂಗೋಡು, ಮುನ್ನನಾಡು ಎಂಬ ಮೂರು ಅಂಶಗಳನ್ನು ಮಲಬಾರಿನಿಂದ ಬೇರ್ಪಡಿಸಿ ನೀಲಗಿರಿಗೆ ಸೇರಿಸಿದರು. ಜನ ಇದ್ದಲ್ಲಿಯೇ ಇದ್ದರು, ಬದಲಾದದ್ದು ಕಚೇರಿ. ಮುಂದೆ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಸೇರಿತು, ಕೊಯಮುತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು, ಚೇರಂಬಾಡಿ ಮದ್ರಾಸಿನಲ್ಲಿಯೇ ಉಳಿಯಿತು. ಮನೆ ಕದಲದೆ ಗಡಿ ಕದಲುವುದು ಎಂದರೇನೆಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ನಾವು ಇಳಿದುಕೊಂಡ ಮನೆಯವರು ಮೂಲತಃ ನಮ್ಮ ಕಡೆಯವರು. ಯಜಮಾನರು ತೋಟವೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಬಂದು ನೆಲೆಯಾದವರು. ಮನೆಯಲ್ಲಿ ಅವರ ತಾಯಿ, ಎಂಬತ್ತು ಸಮೀಪಿಸಿದ ಅಜ್ಜಿ, ಇದ್ದಾರೆ. ಮೊಮ್ಮಗನಿಗೆ ಶಾಲೆಯಲ್ಲಿ ತಮಿಳು, ಅಂಗಡಿಯಲ್ಲಿ ಮಲೆಯಾಳ, ಮನೆಯೊಳಗೆ ಕನ್ನಡ. ಮೂರೂ ನಿರರ್ಗಳ. ರಾತ್ರಿ ಊಟಕ್ಕೆ ಕುಳಿತಾಗ ಅಜ್ಜಿ ಊರಿನ ಮನೆಯ ಮಾತೆತ್ತಿ, “ಪತ್ತಾಯ ತುಂಬ ಭತ್ತ ಇರುತ್ತಿತ್ತು” ಎಂದರು. “ಪತ್ತಾಯ ಎಂದರೇನು ಅಜ್ಜಿ?” ಎಂದು ಹುಡುಗ ಕೇಳಿದ. ಭತ್ತ ತುಂಬಿಡುವ ದೊಡ್ಡ ಮರದ ಪೆಟ್ಟಿಗೆ ಎಂದು ಅಜ್ಜಿ ಹೇಳಿದರೂ ಅವನ ಮುಖದಲ್ಲಿ ಏನೂ ಹೊಳೆಯಲಿಲ್ಲ. ಅವನು ಪತ್ತಾಯವನ್ನು ಕಂಡದ್ದಿದ್ದರೆ ತಾನೆ? ವಸ್ತು ಕಣ್ಮರೆಯಾದಲ್ಲಿ ಶಬ್ದಕ್ಕೆ ನಿಲ್ಲಲು ನೆಲವಿರುವುದಿಲ್ಲ.

ಮರುದಿನ ಕೋಟಗಿರಿಗೆ ಹೊರಟಾಗ ಅಜ್ಜಿಯೂ ಮೊಮ್ಮಗನೂ ನಮ್ಮೊಡನೆ ಬಂದರು. ಹಳೆಯ ಮನೆ ನೋಡುವುದಕ್ಕೆ ಹಳೆಯ ಕಣ್ಣೂ ಬೇಕು, ಎಳೆಯ ಕಣ್ಣೂ ಬೇಕು.

ಬೆಟ್ಟ ಹತ್ತುವ ದಾರಿ

ಚೇರಂಬಾಡಿಯಿಂದ ಪಂದಲೂರು, ದೇವಾಲ, ನಾಡುಗಾಣಿ ದಾಟಿದರೆ ಗೂಡಲೂರು. ಪಂದಲೂರು, ದೇವಾಲಗಳ ಸುತ್ತ 1880ರ ಆಸುಪಾಸಿನಲ್ಲಿ ಚಿನ್ನದ ಹುಚ್ಚು ಹಬ್ಬಿತ್ತು. ಆಸ್ಟ್ರೇಲಿಯದಿಂದ ಬಂದ ಬ್ರೌ ಸ್ಮಿತ್ ಎಂಬ ಪರಿಣತನ ವರದಿಯನ್ನು ನಂಬಿ ಲಂಡನ್ನಿನಲ್ಲಿ ಹತ್ತಾರು ಕಂಪೆನಿಗಳು ಹುಟ್ಟಿದವು, ಬಂಗಲೆಗಳೆದ್ದವು. ಸಾಕಷ್ಟು ಚಿನ್ನ ಸಿಗಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪೆನಿಗಳು ಮುಳುಗಿ ಬಂಗಲೆಗಳು ಕಾಡುಪಾಲಾದವು. ಕಟ್ಟಿದವರಿಗೆ ಅಕ್ಕರೆ ಇಲ್ಲದ ಮನೆ ಎಷ್ಟು ಬೇಗ ಮಣ್ಣಾಗುತ್ತದೆ ಎಂಬುದಕ್ಕೆ ಈ ದಾರಿಯೇ ಸಾಕ್ಷಿ.

ಗೂಡಲೂರಿನಿಂದ ಘಾಟಿ ಹತ್ತಿ ನಡುವಟ್ಟ, ಪೈಕಾರ, ಉದಕಮಂಡಲ. ಅಲ್ಲಿಂದ ದೊಡ್ಡಬೆಟ್ಟದ ಮಗ್ಗುಲಿಂದ ಸುಮಾರು 30 ಕಿಲೋಮೀಟರು ಹೋದರೆ ಕೋಟಗಿರಿ. ಬಸ್ಸಿನ ಫಲಕಗಳೆಲ್ಲ ತಮಿಳಿನಲ್ಲಿ. ಆದರೆ 2,637 ಮೀಟರು ಎತ್ತರದ, ನೀಲಗಿರಿಯ ಅತ್ಯುನ್ನತ ಶಿಖರದ ಹೆಸರು ‘ದೊಡ್ಡಬೆಟ್ಟ’. ದಾರಿಯ ಅಕ್ಕಪಕ್ಕದ ಊರುಗಳ ಹೆಸರಿನ ಕೊನೆಯಲ್ಲಿ ‘ಹಟ್ಟಿ’. ಇವೆಲ್ಲ ಬಡಗರ ಊರುಗಳು. ‘ಬಡಗ’ ಎಂದರೆ ಬಡಗಣ ದಿಕ್ಕಿನಿಂದ, ಅಂದರೆ ಉತ್ತರದ ಮೈಸೂರು ಸೀಮೆಯಿಂದ ಬಂದವರು. ಹಲವು ಶತಮಾನಗಳ ಹಿಂದೆ ಬೆಟ್ಟ ಹತ್ತಿ ನೆಲೆಸಿದ ಈ ಜನರ ಮಾತು ಕನ್ನಡಕ್ಕೆ ಬಹಳ ಹತ್ತಿರದ್ದು. ತಮಿಳಿನಲ್ಲಿಯೂ ಮಲೆಯಾಳದಲ್ಲಿಯೂ ‘ಪಾಲ್’ ಎನ್ನುವುದನ್ನು ನಾವು ‘ಹಾಲು’ ಎನ್ನುತ್ತೇವೆ. ಬಡಗರೂ ‘ಹಾಲು’ ಎನ್ನುತ್ತಾರೆ. ಪಕಾರ ಹಕಾರವಾದ ಆ ಒಂದು ಗುರುತೇ ಬಡಗರು ಯಾವ ದಿಕ್ಕಿನಿಂದ ಬಂದರೆಂದು ಹೇಳುತ್ತದೆ.

ಸಲ್ಲಿವನ್ನನ ಬಂಗಲೆ

ಕೋಟಗಿರಿ ಪೇಟೆಯಿಂದ ಸುಮಾರು 2 ಕಿಲೋಮೀಟರು ದೂರದಲ್ಲಿ ಕನ್ನೇರಿಮುಕ್ಕು ಎಂಬ ಹಳ್ಳಿ. ಅಲ್ಲಿ, ಇಳಿಜಾರಿನ ತೋಟಗಳ ನಡುವೆ, ಕೆಂಪು ಬಣ್ಣ ಬಳಿದ ಎರಡಂತಸ್ತಿನ ಚಿಕ್ಕ ಕಟ್ಟಡ ನಿಂತಿದೆ. ‘ಪೆತ್ತಕಲ್ ಬಂಗಲೆ’ ಎಂದು ಇದಕ್ಕೆ ಹೆಸರು. ಬಂಗಲೆ ಎಂದೊಡನೆ ನಮ್ಮ ಮನಸ್ಸಿಗೆ ಬರುವ ವೈಭವ ಇಲ್ಲಿಲ್ಲ. ನಮ್ಮ ಕಡೆಯ ಸಾಧಾರಣ ಕೃಷಿಕನೊಬ್ಬನ ಮನೆಯೂ ಇದಕ್ಕಿಂತ ದೊಡ್ಡದಾಗಿರಬಹುದು.

ಇದನ್ನು ಕಟ್ಟಿಸಿದವನು ಜಾನ್ ಸಲ್ಲಿವನ್. 1788ರಲ್ಲಿ ಹುಟ್ಟಿದ ಈತ 1815ರಿಂದ 1830ರವರೆಗೆ ಕೊಯಮುತ್ತೂರಿನ ಕಲೆಕ್ಟರನಾಗಿದ್ದ. ಆಗ ಬೆಟ್ಟದ ಸೀಮೆಯೂ ಅವನ ಆಡಳಿತಕ್ಕೇ ಸೇರಿತ್ತು. 1819ರ ಜನವರಿಯಲ್ಲಿ ಒಂದು ತಂಡ ಕಟ್ಟಿಕೊಂಡು, ಕಾಡು ಕಡಿದು, ಬೆಟ್ಟ ಹತ್ತಿ ಬಂದ. ಅಲ್ಲಿನ ತಂಪು ಹವೆ ಅವನಿಗೆ ಹಿಡಿಸಿಬಿಟ್ಟಿತು. ಅದೇ ವರ್ಷ ಮೇ ತಿಂಗಳಲ್ಲಿ ಮರಳಿ ಬಂದು ಕೋಟಗಿರಿಯ ಬಳಿ ಮನೆಯ ಕೆಲಸ ಆರಂಭಿಸಿದ. ಬಯಲಿನ ಸಿರುಮುಗೈಯಿಂದ ಬೆಟ್ಟಕ್ಕೆ ದಾರಿ ಕಡಿಸುವ ಕೆಲಸವೂ ಆಗಲೇ ಆರಂಭವಾಗಿ, 1823ರಲ್ಲಿ ಮುಗಿಯಿತು. ದಾರಿಗಿಂತ ಮೊದಲು ಮನೆ ಬಂತು ಎಂಬುದನ್ನು ಗಮನಿಸಬೇಕು. ಕಟ್ಟುವ ಸಾಮಾನುಗಳಲ್ಲಿ ಬಯಲಿನಿಂದ ಬರಬೇಕಾದುದೆಲ್ಲ ಯಾರದ್ದಾದರೂ ತಲೆಯ ಮೇಲೆಯೋ ಹೆಗಲ ಮೇಲೆಯೋ ಬಂದಿರಬೇಕು.

ಮುಂದೆ ಸಲ್ಲಿವನ್ ಉದಕಮಂಡಲಕ್ಕೆ ಹೋದ. 1822ರಲ್ಲಿ ಅಲ್ಲಿ ಕಲ್ಲಿನ ಮನೆಯ ಕೆಲಸ ತೊಡಗಿತು. ಇಂಗ್ಲಿಷರು ಅದನ್ನು ‘ಸ್ಟೋನ್ ಹೌಸ್’ ಎಂದರು, ಬೆಟ್ಟದ ಜನ ‘ಕಲ್ ಬಂಗ್ಲಾ’ ಎಂದರು. ಇಂದು ಅದು ಸರಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ. ಉದಕಮಂಡಲದ ಕೆರೆಯನ್ನು ಕಟ್ಟಿಸಿದವನೂ, ಬೆಟ್ಟದಲ್ಲಿ ವಿಲಾಯತಿ ತರಕಾರಿ ಹಣ್ಣುಗಳ ಬೇಸಾಯಕ್ಕೆ ಪ್ರೋತ್ಸಾಹ ಕೊಟ್ಟವನೂ ಅವನೇ. ಬೆಟ್ಟದ ನೆಲದ ಮೇಲೆ ತೋಡರಿಗೆ ಒಡೆತನದ ಹಕ್ಕಿದೆ ಎಂದು ಸರಕಾರದೊಡನೆ ವಾದಿಸಿದವನೂ ಅವನು. ಅವರಿಂದ ಎಕರೆಗೆ 1 ರೂಪಾಯಿಯಂತೆ ನೆಲ ಕೊಂಡವನೂ ಅವನು. ಒಳ್ಳೆಯವನೋ ಕೆಟ್ಟವನೋ ಎಂದು ಒಂದೇ ಮಾತಿನಲ್ಲಿ ತೀರ್ಪು ಹೇಳಿ ಮುಗಿಸುವಂತಹ ಮನುಷ್ಯನಲ್ಲ. ಅವನ ಹೆಂಡತಿ ಹೆನ್ರಿಯೆಟಾ 1838ರಲ್ಲಿ ತೀರಿಕೊಂಡಳು. ಉದಕಮಂಡಲದ ಸೇಂಟ್ ಸ್ಟೀಫನ್ಸ್ ಚರ್ಚಿನ ಬಳಿ ಅವಳ ಸಮಾಧಿಯಿದೆ.

ಸಲ್ಲಿವನ್ ಬಿಟ್ಟುಹೋದ ಕನ್ನೇರಿಮುಕ್ಕಿನ ಮನೆ ಕೈಯಿಂದ ಕೈಗೆ ದಾಟಿ, ಕೊನೆಗೆ ಕೇಳುವವರಿಲ್ಲದೆ ಹಾಳುಬಿತ್ತು. ಸ್ಥಳೀಯ ಚರಿತ್ರೆಯಲ್ಲಿ ಆಸಕ್ತಿಯುಳ್ಳವರ ಒತ್ತಾಯ ಹಾಗೂ ಜಿಲ್ಲಾಡಳಿತದ ನೆರವಿನಿಂದ ಅದರ ಜೀರ್ಣೋದ್ಧಾರವಾಗಿ, ಸಲ್ಲಿವನ್ ಸ್ಮಾರಕವೂ ನೀಲಗಿರಿ ದಾಖಲೆ ಕೇಂದ್ರವೂ ಅಲ್ಲಿ ನೆಲೆಗೊಂಡವು. 2019ಕ್ಕೆ ಸಲ್ಲಿವನ್ ಬೆಟ್ಟ ಹತ್ತಿ ಇನ್ನೂರು ವರ್ಷ ತುಂಬಿತು. ಬೀಳುವ ಗೋಡೆಯನ್ನು ಹಿಡಿದು ನಿಲ್ಲಿಸಿದವರ ಶ್ರಮವನ್ನು ಮೆಚ್ಚಲೇಬೇಕು. ಅವರು ಸುಮ್ಮನಿದ್ದರೆ ಇಂದು ನೋಡುವುದಕ್ಕೆ ಅಲ್ಲಿ ಕಲ್ಲಿನ ರಾಶಿಯೂ ಇರುತ್ತಿರಲಿಲ್ಲವೇನೋ.

‘ಅಡಿಗೆ ಎಲ್ಲಿ ಮಾಡುತ್ತಿದ್ದರು?’

ಒಳಗೆ ಕಾಣಸಿಗುವುದು ಮುಖ್ಯವಾಗಿ ಚಿತ್ರಗಳು, ದಾಖಲೆಗಳು. ಹಳೆಯ ನೀಲಗಿರಿಯ ನೋಟಗಳು, ಬೆಟ್ಟದ ಬುಡಕಟ್ಟುಗಳ ಬಾಳ್ವೆ. ನಾವು ಒಂದೊಂದನ್ನೇ ಓದುತ್ತ ಹೋದೆವು. ಅಜ್ಜಿಗೆ ಇಂಗ್ಲಿಷೂ ಬಾರದು, ತಮಿಳು ಅಕ್ಷರವೂ ಬಾರದು. ಅವರು ಗೋಡೆಯ ದಪ್ಪವನ್ನು ಅಂಗೈಯಿಂದ ಅಳೆದರು, ಕಿಟಿಕಿಯಿಂದ ಹೊರಗೆ ನೋಡಿದರು, ಬಾಗಿಲಿನ ಮರವನ್ನು ಮುಟ್ಟಿದರು. ಕೊನೆಗೆ, “ಇಲ್ಲಿ ಅಡಿಗೆ ಎಲ್ಲಿ ಮಾಡುತ್ತಿದ್ದರು?” ಎಂದು ಕೇಳಿದರು.

ನಮಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಸಾಹೇಬರ ಬಂಗಲೆಗಳಲ್ಲಿ ಸಾಮಾನ್ಯವಾಗಿ ಅಡಿಗೆಮನೆ ಬೇರೆಯೇ, ಹಿತ್ತಲ ಕಡೆಯಲ್ಲಿ ಇರುತ್ತಿತ್ತು, ಕೆಲಸದವರು ಬೇಯಿಸಿ ತಂದುಕೊಡುತ್ತಿದ್ದರು ಎಂದೆವು. “ಹಾಗಾದರೆ ಬೇಯಿಸಿದವರ ಹೆಸರು ಎಲ್ಲಿದೆ?” ಎಂದರು ಅಜ್ಜಿ. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಕಟ್ಟಿಸಿದವನ ಹುಟ್ಟು ಸಾವಿನ ತಾರೀಕು ಕೂಡ ಗೊತ್ತು. ಕಲ್ಲು ಹೊತ್ತವರು, ಒಲೆ ಉರಿಸಿದವರು, ನೀರು ತಂದವರು ಯಾರೆಂದು ಗೋಡೆ ಹೇಳುವುದಿಲ್ಲ. ಇದು ಕನ್ನೇರಿಮುಕ್ಕಿನ ಕೊರತೆಯೆಂದು ಹೇಳುತ್ತಿಲ್ಲ. ಕಾಗದ ಬರೆದಿಟ್ಟವರ ಚರಿತ್ರೆ ಉಳಿಯುತ್ತದೆ, ಬರೆಯದವರದ್ದು ಅಳಿಯುತ್ತದೆ; ಲೋಕದ ಎಲ್ಲ ಕಡೆಯೂ ಹೀಗೆಯೇ.

ಹೊರಗೆ ಅಂಗಳದಲ್ಲಿ ಬಡಗ ಹಿರಿಯರೊಬ್ಬರು ಬಿಸಿಲು ಕಾಯಿಸುತ್ತ ಕುಳಿತಿದ್ದರು. ಅವರು ತಮ್ಮ ಮಾತಿನಲ್ಲಿ, ಅಜ್ಜಿ ತಮ್ಮ ಮಾತಿನಲ್ಲಿ, ನಿಧಾನವಾಗಿ ಸಂಭಾಷಣೆ ನಡೆಯಿತು. ಅರ್ಧಕ್ಕಿಂತ ಹೆಚ್ಚು ಇಬ್ಬರಿಗೂ ತಿಳಿಯುತ್ತಿತ್ತು. ತಮ್ಮ ಹಟ್ಟಿಯಲ್ಲಿ ನೂರಾರು ಜನರಿದ್ದಾರೆ ಎಂದು ಅವರು ಹೇಳಿದಾಗ ಅಜ್ಜಿ ಬೆರಗಾಗಿ ನಮ್ಮ ಮುಖ ನೋಡಿದರು. ನಮ್ಮ ಕಡೆ ಹಟ್ಟಿ ಎಂದರೆ ದನ ಕಟ್ಟುವ ಜಾಗ. ಬಡಗರಲ್ಲಿ ಊರಿಗೇ ಹಟ್ಟಿ ಎಂದು ಹೆಸರು. ವಿಷಯ ಬಿಡಿಸಿ ಹೇಳಿದಾಗ ಇಬ್ಬರೂ ಮನಸಾರೆ ನಕ್ಕರು. ದನದ ಸುತ್ತ ಊರು ಬೆಳೆಯಿತೋ, ಊರಿನೊಳಗೆ ದನ ಬಂತೋ, ಶಬ್ದ ಮಾತ್ರ ಒಂದೇ.

ಆ ಮೇಲೆ ಅವರು ತಮ್ಮ ಹಳೆಯ ಮನೆಗಳ ರೀತಿಯನ್ನು ವಿವರಿಸಿದರು. ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು, ಮುಂದೆ ಉದ್ದಕ್ಕೆ ಅಂಗಳ. ಮನೆಯೊಳಗೆ ಹೊರಭಾಗ ಒಂದು, ಒಳಭಾಗ ಒಂದು. ಹಾಲು ಮಜ್ಜಿಗೆ ಇಡುವ ಕೋಣೆಗೆ ‘ಹಾಗೋಟು’ ಎಂದು ಹೆಸರು. ಅದು ದೇವರ ಕೋಣೆಯಷ್ಟೇ ಮಡಿ. ಹಿಂದೆ ಹೆಂಗಸರು ಅದರೊಳಗೆ ಹೋಗುವಂತಿರಲಿಲ್ಲವಂತೆ. ಈಗ ಹಟ್ಟಿಗಳಲ್ಲೆಲ್ಲ ಸಿಮೆಂಟಿನ ಮನೆಗಳು ಎದ್ದಿವೆ. ಹಾಗೋಟು ಇಲ್ಲದ ಮನೆಯಲ್ಲಿ ಬೆಳೆದ ಮಗುವಿಗೆ ಆ ಶಬ್ದ ಏತಕ್ಕೆ ಬೇಕು? ಚೇರಂಬಾಡಿಯ ಹುಡುಗನ ಪತ್ತಾಯದ ಗತಿಯೇ ಕೋಟಗಿರಿಯ ಹಾಗೋಟಿನ ಗತಿಯೂ.

ಲಂಡನ್ನಿನ ಒಂದು ಮನೆ

ಮನೆಯನ್ನು ಮನೆಯಾಗಿಯೇ ತೋರಿಸುವ ಕೆಲಸ ಎಷ್ಟು ದೂರ ಹೋಗಬಹುದೆಂಬುದಕ್ಕೆ ಲಂಡನ್ನಿನಲ್ಲಿ ಒಂದು ಉದಾಹರಣೆಯಿದೆ. ಸ್ಪಿಟಲ್‌ಫೀಲ್ಡ್ಸ್ ಎಂಬ ಕೇರಿಯಲ್ಲಿ, ಫೋಲ್ಗೇಟ್ ಬೀದಿಯ 18ನೇ ನಂಬ್ರದ ಮನೆ ಅದು. ಹದಿನೆಂಟನೆಯ ಶತಮಾನದ ಆ ಮನೆಯನ್ನು 1979ರಲ್ಲಿ ಡೆನ್ನಿಸ್ ಸೆವರ್ಸ್ ಎಂಬ ಅಮೆರಿಕನ್ನನು ಕೊಂಡು, ಜೆರ್ವಿಸ್ ಎಂಬ ರೇಶ್ಮೆ ನೇಕಾರ ಕುಟುಂಬವನ್ನು ಕಲ್ಪಿಸಿಕೊಂಡು, ಅವರು ಈಗಷ್ಟೇ ಎದ್ದು ಪಕ್ಕದ ಕೋಣೆಗೆ ಹೋದರೋ ಎಂಬಂತೆ ಅಣಿಗೊಳಿಸಿದ. ಮೋಂಬತ್ತಿಯ ಬೆಳಕು, ಒಲೆಯಲ್ಲಿ ಬೆಂಕಿ, ಅರ್ಧ ಕುಡಿದಿಟ್ಟ ಪಾನೀಯ, ಕದಡಿದ ಹಾಸಿಗೆ. ನೋಡುವವರು ಮಾತಾಡದೆ ಮೌನವಾಗಿ ಸುತ್ತಬೇಕೆಂಬುದು ಅಲ್ಲಿನ ಕ್ರಮ. 1999ರಲ್ಲಿ ಸೆವರ್ಸ್ ತೀರಿಕೊಂಡ ಮೇಲೂ ಆ ಮನೆ ನಡೆದುಕೊಂಡು ಬಂದಿದೆ.

ಅವನು ಕಲ್ಪಿಸಿದ ಕುಟುಂಬ ಹ್ಯೂಗೆನಾಟ್ ಎಂಬ ಜನವರ್ಗಕ್ಕೆ ಸೇರಿದ್ದು. ಮತದ ಕಾರಣದಿಂದ ಫ್ರಾನ್ಸನ್ನು ಬಿಟ್ಟು ಓಡಿಬಂದು ಆ ಕೇರಿಯಲ್ಲಿ ಮಗ್ಗ ಹೂಡಿದವರು ಅವರು. ಮನೆಯಲ್ಲಿಯೂ ಇಗರ್ಜಿಯಲ್ಲಿಯೂ ಫ್ರೆಂಚ್ ಮಾತಾಡುತ್ತಿದ್ದರು. ಕೆಲವು ತಲೆಮಾರುಗಳಲ್ಲಿ ಆ ಮಾತು ಇಂಗ್ಲಿಷಿನಲ್ಲಿ ಕರಗಿಹೋಯಿತು. ಮನೆ ಉಳಿದಿದೆ, ಕುರ್ಚಿ ಮೇಜುಗಳಿವೆ, ವಾಸನೆಯನ್ನು ಕೂಡ ಮರಳಿ ತಂದಿದ್ದಾರೆ. ಆದರೆ ಆ ಕೇರಿಯ ಅಡಿಗೆಮನೆಗಳಲ್ಲಿ ಅಮ್ಮಂದಿರು ಮಕ್ಕಳನ್ನು ಗದರುತ್ತಿದ್ದ ಮಾತನ್ನು ಮರಳಿ ತರುವುದು ಯಾರಿಂದಲೂ ಸಾಧ್ಯವಿಲ್ಲ. ಭಾಷಾ ಅಲ್ಪಸಂಖ್ಯಾತರಾದ ನಾವು ಇದನ್ನು ಯೋಚಿಸಿ ನೋಡಬೇಕು.

ಕುಪ್ಪಳಿಯ ಕವಿಮನೆ

ಮನೆಯೂ ಮಾತೂ ಜೊತೆಯಲ್ಲಿ ಉಳಿದಿರುವ ಒಂದು ಸ್ಥಳ ಕನ್ನಡನಾಡಿನಲ್ಲಿಯೇ ಇದೆ. ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯಲ್ಲಿರುವ ಕುವೆಂಪು ಅವರ ಮನೆ. ಕವಿ ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ. ಅದು ತಾಯಿಯ ತವರು. ಬೆಳೆದದ್ದು ಕುಪ್ಪಳಿಯಲ್ಲಿ. ಮೂರು ಅಂತಸ್ತಿನ ಹೆಂಚಿನ ಆ ಚೌಕಿಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನದವರು ಜೀರ್ಣೋದ್ಧಾರ ಮಾಡಿ ಕಾಪಾಡಿಕೊಂಡು ಬಂದಿದ್ದಾರೆ.

ಅಲ್ಲಿಗೆ ಹಿಂದೊಮ್ಮೆ ನಾವು ಹೋಗಿದ್ದೆವು. ಹೆಬ್ಬಾಗಿಲು ದಾಟಿದರೆ ನಡುವೆ ತುಳಸಿಕಟ್ಟೆಯ ಒಳಅಂಗಳ, ಸುತ್ತಲೂ ಜಗಲಿ, ಕೆತ್ತನೆಯ ಮರದ ಮುಂಡಿಗೆಗಳು. ಅಡಿಗೆಮನೆ, ಬಾಣಂತಿ ಕೋಣೆ, ದೊಡ್ಡ ಹಂಡೆಯಿರುವ ಬಚ್ಚಲುಮನೆ. ಮರದ ಏಣಿಮೆಟ್ಟಲು ಹತ್ತಿದರೆ ಉಪ್ಪರಿಗೆ. ಮನೆಬಳಕೆಯ ಪಾತ್ರೆಗಳು, ಬೇಸಾಯದ ಉಪಕರಣಗಳು, ಕವಿಯ ಮದುವೆಯ ಮರದ ಮಂಟಪ, ಅವರು ಬಳಸಿದ ವಸ್ತುಗಳು. ‘ಕಾನೂರು ಹೆಗ್ಗಡತಿ’ಯನ್ನೋ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನೋ ಓದಿದವರಿಗೆ ಈ ಮನೆಯೊಳಗೆ ದಾರಿ ತೋರಿಸುವವರು ಬೇಕಾಗಿಲ್ಲ. ಪುಸ್ತಕದಲ್ಲಿ ಕೇವಲ ಶಬ್ದವಾಗಿದ್ದ ಮುಂಡಿಗೆ ಇಲ್ಲಿ ಕೈಗೆ ಸಿಗುತ್ತದೆ. ಪುಸ್ತಕ ಓದದ ಮಗುವಿಗಾದರೋ ಮನೆಯೇ ಪುಸ್ತಕ.

2015ರ ನವೆಂಬರಿನಲ್ಲಿ ಈ ಕವಿಮನೆಗೆ ಕಳ್ಳರು ನುಗ್ಗಿ, ಕವಿಗೆ ಬಂದಿದ್ದ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದೊಯ್ದರು. ನಾಡಿಗೆಲ್ಲ ನೋವಾದ ಸಂಗತಿ ಅದು. ಆದರೆ ಕಳ್ಳನಿಗೆ ಬೇಡವಾದ ವಸ್ತುಗಳೇ ಆ ಮನೆಯ ನಿಜವಾದ ಆಸ್ತಿಯೆಂಬುದನ್ನೂ ಹೇಳಬೇಕು. ಹಂಡೆ, ಮುಂಡಿಗೆ, ಬಾಣಂತಿ ಕೋಣೆಗಳು ಪೇಟೆಯಲ್ಲಿ ಬೆಲೆ ಬಾಳುವುದಿಲ್ಲ. ಅಲ್ಲಿ ನಿಂತ ಮಗುವಿಗೆ ಅಜ್ಜಿಯ ಕಾಲವನ್ನು ಕಾಣಿಸುವುದು ಅವೇ.

ನಮ್ಮ ಕಡೆಯ ಮನೆಗಳು

ಇನ್ನು ನಮ್ಮ ಜಿಲ್ಲೆಗೆ ಬರೋಣ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಯಿದೆ. 1883ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಬಿರುದನ್ನು ಕೊಟ್ಟದ್ದು ಅಂದಿನ ಮದ್ರಾಸ್ ಸರಕಾರ. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ಅವರು ಬಾಳಿದ ನೆಲದಲ್ಲಿ, ಕೇರಳ ಹಾಗೂ ಕರ್ನಾಟಕ ಸರಕಾರಗಳ ನೆರವಿನಿಂದ, ಅವರದೇ ಕವನಸಂಕಲನದ ಹೆಸರಾದ ‘ಗಿಳಿವಿಂಡು’ ಎಂಬ ಸ್ಮಾರಕ ಎದ್ದಿದೆ. ಕನ್ನಡದ ಕವಿಯ ಮನೆಯನ್ನು ಎರಡು ರಾಜ್ಯಗಳು ಸೇರಿ ಕಾಪಾಡುವುದು ಸಣ್ಣ ಸಂಗತಿಯಲ್ಲ. ನಮ್ಮಲ್ಲಿ ಎಷ್ಟು ಕುಟುಂಬಗಳು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿವೆ? ಊಟಿಗೂ ಮೈಸೂರಿಗೂ ವ್ಯಾನು ಮಾಡಿಸಿಕೊಂಡು ಹೋಗುವ ನಾವು ಮಂಜೇಶ್ವರದಲ್ಲಿ ಇಳಿಯುವುದಿಲ್ಲ.

ಉಡುಪಿಯ ಪಕ್ಕದ ಮಣಿಪಾಲದಲ್ಲಿ ವಿಜಯನಾಥ ಶೆಣೈ ಎಂಬವರು ಮಾಡಿದ ಸಾಹಸವೂ ಇಲ್ಲಿ ನೆನೆಯತಕ್ಕದ್ದು. ಬ್ಯಾಂಕಿನ ಉದ್ಯೋಗಿಯಾಗಿದ್ದ ಅವರು, ಹಳೆಯ ಮನೆಗಳನ್ನು ಕಿತ್ತು ಮರ ಮಾರುವುದನ್ನು ಕಂಡು ತಡೆಯಲಾರದೆ, ಅಂತಹ ಮನೆಗಳನ್ನು ಕಂಬ ತೊಲೆ ಸಮೇತ ಬಿಚ್ಚಿ ತಂದು, ಒಂದು ಜಾಗದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. 1816ರ ಕುಂಜೂರು ಚೌಕಿಮನೆ ಅವುಗಳಲ್ಲೊಂದು. 2017ರಲ್ಲಿ ಅವರು ತೀರ್ಥರೂಪರಾದರೂ ಆ ಮನೆಗಳ ಊರು ನಿಂತಿದೆ. ಒಬ್ಬ ಮನುಷ್ಯ ಇಷ್ಟು ಮಾಡಬಲ್ಲ.

ಎಲ್ಲರಿಂದ ಅದು ಸಾಧ್ಯವಿಲ್ಲವೆಂದು ನಮಗೆ ಗೊತ್ತು. ನಾಲ್ಕು ಪಾಲಾದ ಆಸ್ತಿಯಲ್ಲಿ ಹಳೆಯ ಮನೆ ಯಾರ ಪಾಲಿಗೂ ಭಾರವೇ. ಸೋರುವ ಮಾಡು, ಗೆದ್ದಲು ಹಿಡಿದ ಪಕ್ಕಾಸು. ರಿಪೇರಿಯ ಖರ್ಚಿನಲ್ಲಿ ಹೊಸ ಮನೆಯೇ ಆಗುತ್ತದೆ. ಕತ್ತಲೆ ಅಡಿಗೆಮನೆಯ ಹೊಗೆಯಲ್ಲಿ ಕಣ್ಣು ಕಳೆದುಕೊಂಡ ತಾಯಂದಿರಿಗೆ ಹೊಸ ಮನೆ ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಹಳೆಯ ಮನೆಯೊಂದಿಗೆ ಹಳೆಯ ಕಷ್ಟವೂ ಹೋಗಲಿ. ಆದರೆ ಅದರ ಜೊತೆಯಲ್ಲಿ ಶಬ್ದಗಳೂ ನೆನಪೂ ಲೆಕ್ಕವಿಲ್ಲದೆ ಹೋಗುವುದು ಬೇಡ.

ಮಲೆಯಾಳ ಬಹುಸಂಖ್ಯಾತರ ಜಿಲ್ಲೆಯಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಸಿಗುವ ಸ್ಥಳ ಎರಡೇ, ಶಾಲೆ ಮತ್ತು ಮನೆ. ಶಾಲೆಯ ಕನ್ನಡ ಪುಸ್ತಕದ ಕನ್ನಡ. ಚಾವಡಿ, ನಡುಮನೆ, ಅಟ್ಟ, ನಾಗಂದಿಗೆ, ಪತ್ತಾಯ, ಒನಕೆ, ಕಡೆಯುವ ಕಲ್ಲು, ಮೆಟ್ಟುಕತ್ತಿ, ಹಂಡೆ, ಹಟ್ಟಿ ಇವು ಯಾವ ಪಠ್ಯದಲ್ಲಿಯೂ ಪಾಠವಾಗಿ ಬರುವುದಿಲ್ಲ. ಇವನ್ನು ಕಲಿಸುವ ಶಾಲೆ ಮನೆಯೊಂದೇ. ಆ ಶಾಲೆಯನ್ನು ನಾವೇ ಮುಚ್ಚಿದರೆ ಯಾವ ಸರಕಾರಕ್ಕೆ ಮನವಿ ಕೊಡೋಣ?

ಆದುದರಿಂದ ಓದುಗರಲ್ಲಿ ನಮ್ಮ ವಿನಂತಿಗಳು ಕೆಲವು. ಮನೆ ಕೆಡವುವುದು ಅನಿವಾರ್ಯವಾದರೆ, ಕೆಡವುವ ಮುನ್ನ ಪ್ರತಿಯೊಂದು ಕೋಣೆಯ ಫೋಟೋ ತೆಗೆಸಿಡಿ. ಮನೆಯ ನಕ್ಷೆಯನ್ನು ಮಕ್ಕಳಿಂದಲೇ ಒಂದು ಕಾಗದದಲ್ಲಿ ಬರೆಸಿ, ಯಾವ ಕೋಣೆಗೆ ಏನು ಹೆಸರು, ಯಾವ ವಸ್ತು ಎಲ್ಲಿತ್ತು ಎಂದು ಹಿರಿಯರನ್ನು ಕೇಳಿ ತುಂಬಿಸಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕವೋ ಮರಾಟಿಯೋ ಆಡುವವರು ಆ ಹೆಸರುಗಳನ್ನೂ ಬರೆಯಿರಿ; ಅವೂ ಅಳಿಯುತ್ತಿವೆ. ಅಡಿಗೆ ಮಾಡಿದವರು ಯಾರು, ಗದ್ದೆ ಉತ್ತವರು ಯಾರು, ಹಟ್ಟಿಯಲ್ಲಿ ದುಡಿದವರು ಯಾರು, ಅವರ ಹೆಸರುಗಳನ್ನೂ ಮರೆಯದೆ ಬರೆಯಿರಿ. ಸಲ್ಲಿವನ್ನನ ಮನೆಯಲ್ಲಿ ಸಿಗದ ಹೆಸರು ನಮ್ಮ ಮನೆಯ ಕಾಗದದಲ್ಲಾದರೂ ಸಿಗಲಿ.

ಪತ್ತಾಯವನ್ನೋ ಕಡೆಯುವ ಕಲ್ಲನ್ನೋ ಗುಜರಿಯವನಿಗೆ ಕೊಡುವ ಮೊದಲು ಊರಿನ ಕನ್ನಡ ಶಾಲೆಯ ಮುಖ್ಯೋಪಾಧ್ಯಾಯರನ್ನೊಮ್ಮೆ ಕೇಳಿ. ಶಾಲೆಗಳು, ವಾಚನಾಲಯಗಳು ಒಂದು ಕೋಣೆಯನ್ನೋ ಒಂದು ಮೂಲೆಯನ್ನೋ ಇದಕ್ಕಾಗಿ ತೆಗೆದಿಟ್ಟರೆ ಖರ್ಚು ಹೆಚ್ಚೇನೂ ಇಲ್ಲ. ಗಾಜಿನ ಪೆಟ್ಟಿಗೆ ಬೇಡ. ಮಕ್ಕಳು ಮುಟ್ಟಲಿ, ಒನಕೆ ಎತ್ತಿ ನೋಡಲಿ, ಕಲ್ಲು ತಿರುಗಿಸಿ ನೋಡಲಿ. ವರ್ಷಕ್ಕೊಮ್ಮೆ ಊರಿನ ಅಜ್ಜಿಯರನ್ನು ಕರೆಸಿ ಒಂದು ಹಗಲು ಅಲ್ಲಿ ಕೂರಿಸಿದರೆ, ಅದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ.

ಈ ಕೆಲಸಕ್ಕೆ ಕಾಲಾವಕಾಶ ಹೆಚ್ಚು ಇಲ್ಲ. ಕೋಣೆಗಳ ಹೆಸರನ್ನು ತಡವರಿಸದೆ ಹೇಳಬಲ್ಲವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು. ಈ ಮಳೆಗಾಲದಲ್ಲಿ ಶಾಲೆಗೆ ರಜೆ ಸಿಕ್ಕ ದಿನವೊಂದನ್ನು ಇದಕ್ಕಾಗಿ ಮೀಸಲಿಡಿ. ಹಿರಿಯರು ಹೇಳಲಿ, ಮಕ್ಕಳು ಬರೆಯಲಿ.